ಟವಲಿನ ಕೆಳಗೆ ಎಂಟು

ಹೋದ ತಿಂಗಳು ಒಂದು ನಿಕಾಹ್‌ಗೆಂದು ಶಿಡ್ಲಘಟ್ಟಕ್ಕೆ ಹೋಗಿದ್ದೆ. ಬಸ್ಸು ಊರೊಳಗೆ ತಿರುಗುವ ಮೊದಲೇ ಆ ವಾಸನೆ ಬಂತು. ಬೆಂದ ರೇಷ್ಮೆ ಹುಳದ ವಾಸನೆ. ಪಕ್ಕದಲ್ಲಿ ಕೂತಿದ್ದ ಕಾಲೇಜು ಹುಡುಗಿ ದುಪಟ್ಟಾದಿಂದ ಮೂಗು ಮುಚ್ಚಿಕೊಂಡು, "ಆಂಟಿ, ಇಲ್ಲೇನೋ ಸತ್ತಿದೆ" ಎಂದಳು. "ದಿನಾ ಸಾಯತ್ತಮ್ಮಾ, ಅದರಿಂದಲೇ ಈ ಊರು ಬದುಕಿರೋದು" ಎಂದೆ. ಬೆಂಗಳೂರಿನ ಕಾನ್ವೆಂಟಿನ ಹಾಸ್ಟೆಲಿನಲ್ಲಿದ್ದಾಗ, ರಜೆ ಮುಗಿಸಿ ಹೋದ ನನ್ನ ಜಡೆಯನ್ನು ಸಿಸ್ಟರ್ ಒಬ್ಬರು ಮೂಸಿ, "ಚೈಲ್ಡ್, ವಾಟ್ ಡು ದೇ ಕುಕ್ ಇನ್ ಯುವರ್ ಹೌಸ್?" ಎಂದು ಕೇಳಿದ್ದರು. ನಾಚಿಕೆಯಿಂದ ಫಿಶ್ ಎಂದು ಸುಳ್ಳು ಹೇಳಿದ್ದೆ. ನಮ್ಮ ಮನೆಯ ಹಿತ್ತಲಿನಲ್ಲಿ ಬೇಯುತ್ತಿದ್ದುದು ರೇಷ್ಮೆ ಗೂಡು.

ಗೂಡಿನ ಮಾರ್ಕೆಟ್ ಎದುರಿಗೆ ಟೀ ಕುಡಿಯಲು ನಿಂತೆ. ಬೆಂಚಿನ ಮೇಲಿದ್ದ ಮುದುಕರೊಬ್ಬರು ನನ್ನನ್ನೇ ನೋಡುತ್ತಿದ್ದವರು ಎದ್ದು ಬಂದರು.

"ತಾವು ಇಲಿಯಾಸ್ ಅಕ್ಕ ಅಲ್ವರಾ? ಇಂಗ್ಲಿಷ್ ಮಿಸ್ಸು?"

ಹೌದೆಂದೆ.

"ಏನ್ ಮನ್ಷ ಅಮ್ಮಾ ಅವ್ನು! ಹೋಗಿ ಇಷ್ಟು ವರ್ಷ ಆಯ್ತು, ಇನ್ನೂ ಮಾತಾಡ್ಕೊಂತೀವಿ. ಸೋತಿದ್ದೇ ಇಲ್ಲ ಬುಡಿ."

"ಇಲ್ಲ, ಸೋಲಲಿಲ್ಲ" ಎಂದೆ. ಅದು ನಿಜ. ನನ್ನ ತಮ್ಮ ಇಲಿಯಾಸ್ ಚಾಂಪಿಯನ್ ಆಗಿದ್ದ, ದುಡ್ಡಿಗೆ ಆಡುವ ಪ್ರೊಫೆಷನಲ್ ಬಾಕ್ಸರ್. ಒಂದು ಫೈಟನ್ನೂ ಸೋಲದೆ ಗ್ಲೌಸ್ ಬಿಚ್ಚಿಟ್ಟ. ಹಾಗೆ ಬಿಚ್ಚಿಟ್ಟ ಆ ಮಳೆಗಾಲ ಟೀ ಲೋಟದ ಹಬೆಯೊಳಗಿಂದ ಎದ್ದು ಬಂದು ನನ್ನೆದುರು ಕೂತಿತು.

ಆಗಿನ್ನೂ ನಮ್ಮದು ಕೋಲಾರ ಜಿಲ್ಲೆ. ಎಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ಅಮ್ಮಿ ಬೇಗ ತೀರಿಕೊಂಡಿದ್ದರು. ಅಬ್ಬಾ, ನಾನು, ಇಲಿಯಾಸ್, ಮೂವರೇ ಮನೆಯಲ್ಲಿ. ನಾನು ಬೆಳಗ್ಗೆ ಹೈಸ್ಕೂಲಿನ ಹುಡುಗಿಯರಿಗೆ ಆ್ಯಕ್ಟಿವ್ ವಾಯ್ಸ್, ಪ್ಯಾಸಿವ್ ವಾಯ್ಸ್ ಕಲಿಸುತ್ತಿದ್ದೆ. ಅಬ್ಬಾ ರೀಲರ್, ಗೂಡು ಬೇಯಿಸಿ ನೂಲು ತೆಗೆಯುವವರು. ಸಂಜೆ ಮನೆಗೆ ಬಂದರೆ ಹಿತ್ತಲಿನಲ್ಲಿ ಬೇಸಿನ್ನುಗಳ ಹಬೆ. ಕುದಿಯುವ ನೀರಿನಲ್ಲಿ ಗೂಡು ತೇಲುತ್ತಿರುತ್ತದೆ, ಅದರೊಳಗೆ ಬರಿಗೈ ಹಾಕಿ ಎಳೆಯ ತುದಿ ಹುಡುಕಬೇಕು. ಗೂಡು ಬೆಂದಿದೆಯೋ ಇಲ್ಲವೋ ಎಂದು ಕಣ್ಣಿಗೆ ಗೊತ್ತಾಗುವುದಿಲ್ಲ, ಬೆರಳಿಗೆ ಗೊತ್ತಾಗಬೇಕು. ಬೇಯದ್ದು ಗಟ್ಟಿಯಾಗಿ ತಿರುಗಿ ಒತ್ತುತ್ತದೆ, ಬೆಂದದ್ದು ಸೋತು ಒಳಗೆ ಹೋಗುತ್ತದೆ. "ಕಣ್ಣು ಹೋದ ರೀಲರ್ ಬದುಕ್ತಾನೆ, ಬೆರಳು ಹೋದ ರೀಲರ್ ಭಿಕ್ಷೆ ಎತ್ತುತ್ತಾನೆ" ಎಂದು ಅಬ್ಬಾ ಹೇಳುತ್ತಿದ್ದರು.

ವ್ಯಾಪಾರವೂ ಬೆರಳಿನದ್ದೇ. ಮಾರ್ಕೆಟ್ ಒಳಗೆ ಸರ್ಕಾರದ ಹರಾಜು, ಎಲ್ಲವೂ ಕೂಗಿ ಹೇಳುವುದು. ಹೊರಗೆ ಮಾತ್ರ ಹಳೆಯ ಪದ್ಧತಿ. ಇಬ್ಬರು ಕೈ ಕೈ ಹಿಡಿದುಕೊಳ್ಳುತ್ತಾರೆ, ಮೇಲೆ ಟವಲ್ ಮುಚ್ಚುತ್ತಾರೆ, ಬೆರಳಲ್ಲೇ ಮಾತು. ಮುಷ್ಟಿ ಪೂರ್ತಿ ಹಿಡಿದರೆ ಐದು, ಆಮೇಲೆ ಒಂದು ಬೆರಳು ಒತ್ತಿದರೆ ಆರು, ಎರಡು ಒತ್ತಿದರೆ ಏಳು. ಸುತ್ತ ನಿಂತವರಿಗೆ ಏನೂ ತಿಳಿಯುವುದಿಲ್ಲ. ತಲೆಯಾಡಿಸಿ ಕೈ ಬಿಟ್ಟರೆ ಮುಗಿಯಿತು, ಟವಲಿನ ಕೆಳಗಿನ ಮಾತನ್ನು ಹಿಂದಕ್ಕೆ ತೆಗೆದುಕೊಂಡವನನ್ನು ಯಾರೂ ಮತ್ತೆ ಮುಟ್ಟುವುದಿಲ್ಲ. ಅಬ್ಬಾ ಅದನ್ನು ನಮ್ಮಿಬ್ಬರಿಗೂ ಆಟದಂತೆ ಕಲಿಸಿದ್ದರು. ಊಟಕ್ಕೆ ಕೂತಾಗ ನೆಲಕ್ಕೆ ಹಾಸಿದ ದಸ್ತರ್‌ಖಾನಿನ ಅಂಚಿನ ಕೆಳಗೆ ಇಲಿಯಾಸ್ ನನ್ನ ಬೆರಳು ಹಿಡಿದು ತನಗೆ ಇನ್ನೂ ಎಷ್ಟು ಬೋಟಿ, ಮಾಂಸದ ತುಂಡು, ಬೇಕೆಂದು ಹೇಳುತ್ತಿದ್ದ, ನಾನು ನನ್ನ ಪಾಲಿನದು ಅವನ ತಟ್ಟೆಗೆ ದಾಟಿಸುತ್ತಿದ್ದೆ. ಸೋ ಸಿಲ್ಲಿ, ಸೋ ಸ್ವೀಟ್.

ಅದೇ ಕೈ ಆಮೇಲೆ ಮುಷ್ಟಿಯಾಯಿತು. ಚಿನ್ನದ ಗಣಿಯಲ್ಲಿ ದುಡಿಯುತ್ತಾ ಬಾಕ್ಸಿಂಗ್ ಕಲಿತಿದ್ದ ಮುನಿಸ್ವಾಮಿ ಮಾಸ್ಟರ್ ರಿಟೈರಾಗಿ ಚಿಂತಾಮಣಿಯಲ್ಲಿ ಬಂದು ನೆಲೆಸಿದ್ದರು. ಹಳೆಯ ಹುರಿಗಡಲೆ ಗೋಡೌನಿನಲ್ಲಿ ಮರಳು ತುಂಬಿದ ಗೋಣಿಚೀಲ ನೇತುಹಾಕಿ ಹುಡುಗರಿಗೆ ಹೊಡೆಯುವುದನ್ನು ಕಲಿಸುತ್ತಿದ್ದರು. ಇಲಿಯಾಸ್ ಅಲ್ಲಿಗೆ ಸೈಕಲ್ಲಿನಲ್ಲಿ ಹೋಗಿ ಬರುತ್ತಿದ್ದ. ಮಾಸ್ಟರಿಗೆ ಕನ್ನಡ ತೆಲುಗು ಎರಡೂ ಒಂದೇ ಬಾಯಲ್ಲಿ ಬರುತ್ತಿತ್ತು.

"ರೇಯ್, ಹೊಡೆಯೋದು ಕತ್ತೆಗೂ ಬರುತ್ತೆ. ನಿಲ್ಲಿಸೋದು ಬರಬೇಕು. ಎದುರಿನೋನು ಗಟ್ಟಿಯಾಗಿರೋವರೆಗೂ ಅವನು ಬಾಕ್ಸರ್. ಮೈ ಸಡಿಲ ಆದ ಗಳಿಗೆ ಅವನು ಯಾರೋ ಒಬ್ಬ ತಾಯಿ ಮಗ. ಅದು ನಿನ್ನ ಕಣ್ಣಿಗಿಂತ ಮೊದಲು ಕೈಗೆ ಗೊತ್ತಾಗುತ್ತೆ. ಅರ್ಥಮೈಂದಾ?"

ಇಲಿಯಾಸನಿಗೆ ಅದು ತಟ್ಟನೆ ಅರ್ಥವಾಗಿತ್ತು. ಬೆಂದ ಗೂಡು, ಬೇಯದ ಗೂಡು.

ಫೈಟು ಎಂದರೆ ಈಗಿನ ಟಿವಿಯಲ್ಲಿ ಬರುವ ಲೈಟು, ಮ್ಯೂಸಿಕ್ಕು ಎಂದುಕೊಳ್ಳಬೇಡಿ. ಗೌರಿಬಿದನೂರಿನಲ್ಲಿ ಲಾರಿಯ ಹಗ್ಗ ಕಟ್ಟಿ ರಿಂಗ್ ಮಾಡಿದ್ದರು. ಅಲ್ಲಿ ಮೊದಲ ಸಲ ಅವನು ಒಬ್ಬನ ದವಡೆ ಮುರಿದ. ಬರ್ರನೆ ಗೋಣಿ ಹರಿದಂಥ ಸದ್ದು ನನಗೆ ಕೇಳಿಸಿತ್ತು. ಚಿಂತಾಮಣಿಯಲ್ಲಿ ಇನ್ನೊಬ್ಬನ ಹಲ್ಲು ಬಂದು ನನ್ನ ಸೀರೆಯ ಮಡಿಲಿಗೆ ಬಿತ್ತು, ಅದನ್ನು ಕರ್ಚೀಫಿನಲ್ಲಿ ಕಟ್ಟಿ ಅವನಿಗೇ ಕೊಟ್ಟು ಬಂದೆ. ಪಾಪ, ಥ್ಯಾಂಕ್ಯೂ ಎಂದ. ಮದರಾಸಿನಲ್ಲಿ ಇಲಿಯಾಸ್ ಬೆಲ್ಟು ಗೆದ್ದ. ದಕ್ಷಿಣದ ಚಾಂಪಿಯನ್. ಬೊಂಬಾಯಿಯಲ್ಲಿ ಹುಬ್ಬು ಹರಿದು, ಒಂದು ಪಕ್ಕೆಲುಬು ಬಿರಿದರೂ ಗೆದ್ದು, ರೈಲಿನಲ್ಲಿ ಕೂತೇ ನಿದ್ದೆ ಮಾಡಿಕೊಂಡು ಬಂದ. ನಾಲ್ಕನೆಯ ರೌಂಡಿನ ಆಚೆಗೆ ಅವನ ಎದುರು ನಿಂತವರು ಕಡಿಮೆ.

ಒಬ್ಬ ಟೀಚರ್, ಅದರಲ್ಲೂ ನಮ್ಮವರ ಮನೆಯ ಹೆಣ್ಣು, ಅಲ್ಲೆಲ್ಲ ಏನು ಮಾಡುತ್ತಿದ್ದೆ ಎಂದು ಕೇಳುತ್ತೀರಿ. ಊರವರೂ ಕೇಳಿದರು. ಅವನ ಕೈಗೆ ಬ್ಯಾಂಡೇಜ್ ಸುತ್ತುವವಳು ನಾನು. ಕಾನ್ವೆಂಟಿನಲ್ಲಿ ಫಸ್ಟ್ ಏಡ್ ಕಲಿಸಿದ್ದರು, ನಾನು ಸುತ್ತಿದ ಹಾಗೆ ಮಾಸ್ಟರಿಗೂ ಬರುತ್ತಿರಲಿಲ್ಲ. ಬೇರೆ ಯಾರು ಸುತ್ತಿದರೂ ಇಲಿಯಾಸ್ ಒಪ್ಪುತ್ತಿರಲಿಲ್ಲ. ಬಟ್ಟೆ ಸುತ್ತುವ ಮೊದಲು ಟವಲ್ ಮುಚ್ಚಿ ನನ್ನ ಬೆರಳು ಹಿಡಿದು ಎಷ್ಟನೇ ರೌಂಡಿನಲ್ಲಿ ಮುಗಿಸುತ್ತೇನೆ ಎಂದು ಒತ್ತಿ ಹೇಳುತ್ತಿದ್ದ. ಅವನ ನಗು, ನನ್ನ ಭಯ, ಎರಡೂ ಆ ಟವಲಿನ ಕೆಳಗೇ ಇರುತ್ತಿದ್ದವು.

ಆ ವರ್ಷ ಮುಂಗಾರು ಶುರುವಾದಾಗ ಅವನು ಒಂದು ಸಂಜೆ ಒದ್ದೆಯಾಗಿ ಬಂದು, "ಆಪಾ, ಫೈಟು ಸೆಟ್ಲಾಯ್ತು. ಚಿಕ್ಕಬಳ್ಳಾಪುರದಲ್ಲಿ. ಆರು ರೌಂಡು" ಎಂದ. ಬ್ರೋಕರ್ ನಾರಾಯಣಪ್ಪ ಟವಲ್ ಹಾಕಿ ಮಾತು ಮುಗಿಸಿದ್ದರು. ಗೂಡಿನ ದಲ್ಲಾಳಿಯಾಗಿದ್ದ ನಾರಾಯಣಪ್ಪನೇ ನಮ್ಮ ಸೀಮೆಯ ಫೈಟುಗಳನ್ನೂ ಏರ್ಪಡಿಸುತ್ತಿದ್ದರು. ಎದುರಾಳಿ ಮದನಪಲ್ಲಿ ಕಡೆಯ ನರಸಿಂಹುಲು, ಕಲ್ಲು ಕ್ವಾರಿಯಲ್ಲಿ ಸುತ್ತಿಗೆ ಎತ್ತುತ್ತಿದ್ದವನು.

"ನರಸಿಂಹುಲು ಆನೆ ಕಣಮ್ಮಾ. ಏಳೋಕೇ ಹೊತ್ತು ಬೇಕು. ಆರರೊಳಗೆ ಮುಗಿದ್ರೆ ನಮ್ದು. ಆರು ದಾಟಿದ್ರೆ ಅವನದು" ಎಂದು ಮಾಸ್ಟರ್ ನನಗೆ ಹೇಳಿದ್ದರು.

ವಾರ ಕಳೆದು ಪೋಸ್ಟರ್ ಬಂತು. ಬಸ್ ಸ್ಟ್ಯಾಂಡಿನ ಗೋಡೆಯ ಮೇಲೆ ಕೆಂಪು ಅಕ್ಷರ, ನನ್ನ ತಮ್ಮನ ಮುಖ ಬದನೆಕಾಯಿಯಂತೆ ಬರೆದಿದ್ದರು. ಕೆಳಗೆ ದೊಡ್ಡದಾಗಿ: ಎಂಟು ರೌಂಡು.

ಸ್ಕೂಲಿನಿಂದ ನೇರ ಮನೆಗೆ ಬಂದೆ. ಇಲಿಯಾಸ್ ಬೇಸಿನ್ ಮುಂದೆ ಕೂತಿದ್ದ, ಕೆಲಸದವಳು ಬಂದಿರಲಿಲ್ಲ. "ಪೋಸ್ಟರ್ ತಪ್ಪು ಪ್ರಿಂಟ್ ಮಾಡಿದ್ದಾರೆ" ಎಂದೆ. ಅವನ ಬಲಗೈ ಕುದಿಯುವ ನೀರಿನಲ್ಲಿತ್ತು. ರೀಲರುಗಳು ಕೈ ಅದ್ದಿ ತೆಗೆಯುತ್ತಾರೆ, ತಣ್ಣೀರಿಗೆ ಅದ್ದುತ್ತಾರೆ, ಮತ್ತೆ ಹಾಕುತ್ತಾರೆ, ಯಾರೂ ಇಟ್ಟುಕೊಂಡು ಕೂರುವುದಿಲ್ಲ. ಅವನು ಇಟ್ಟುಕೊಂಡು ಕೂತಿದ್ದ. ಚೀರಿ ಅವನ ಮೊಣಕೈ ಹಿಡಿದು ಎಳೆದೆ. ನಡುವಿನ ಬೆರಳು, ಉಂಗುರದ ಬೆರಳು ಬೊಬ್ಬೆ ಬಂದು ಚರ್ಮ ಸುಲಿಯುತ್ತಿತ್ತು.

"ಎಷ್ಟು ದಿನದಿಂದ?" ಎಂದೆ.

"ಬೊಂಬಾಯಿ ಫೈಟ್ ಆದ್ಮೇಲೆ."

ತಲೆಯ ಮೇಲಿನ ಸೆರಗು ಇಳಿಸಿ ಅವನ ಕೈ ಮುಚ್ಚಿದೆ. ಮೊದಲು ಮುಷ್ಟಿ ಹಿಡಿದೆ. ಆಮೇಲೆ ತೋರುಬೆರಳು, ನಡುಬೆರಳು, ಉಂಗುರದ ಬೆರಳು ಮೂರನ್ನೂ ಸೇರಿಸಿ ಒತ್ತಿದೆ.

"ಎಷ್ಟು?"

ಅವನು ನನ್ನ ಮುಖ ನೋಡಿದ. ಚಿಕ್ಕಂದಿನಲ್ಲಿ ಲೆಕ್ಕ ತಪ್ಪಾದಾಗ ನೋಡುತ್ತಿದ್ದ ಹಾಗೆ. "ಆರು" ಎಂದ.

ತೋರುಬೆರಳೊಂದೇ ಅವನಿಗೆ ಸಿಕ್ಕಿತ್ತು. ಉಳಿದ ಎರಡು ಅವನ ಪಾಲಿಗೆ ಇರಲೇ ಇಲ್ಲ. ನಾರಾಯಣಪ್ಪ ಎಂಟು ಒತ್ತಿದ್ದರು, ಇವನು ಆರೆಂದು ತಿಳಿದು ತಲೆಯಾಡಿಸಿದ್ದ.

"ಹೋಗಿ ಹೇಳು. ಜಸ್ಟ್ ಗೋ ಅಂಡ್ ಟೆಲ್ ಹಿಮ್. ಕೈಗೆ ಸ್ಪರ್ಶ ಇಲ್ಲ, ತಿಳೀಲಿಲ್ಲ ಅಂತ ಹೇಳು."

"ಹೇಳಿ?" ಎಂದು ನಕ್ಕ. "ಬೆರಳು ಸತ್ತ ರೀಲರ್ ಜೊತೆ ಯಾರು ಟವಲ್ ಹಾಕ್ತಾರೆ ಆಪಾ? ಬೆರಳು ಸತ್ತ ಬಾಕ್ಸರನ್ನ ಯಾರು ಕರೀತಾರೆ? ಎರಡೂ ಬಾಗಿಲು ಒಂದೇ ಸಲ ಮುಚ್ಚಿಬಿಡು ಅಂತೀಯಲ್ಲ. ಇದೊಂದು ಫೈಟು. ಬೆಲ್ಟು ಉಳಿಸ್ಕೊಂಡು ಬಿಟ್ಟುಬಿಡ್ತೀನಿ, ಅಬ್ಬಾ ಮೇಲಾಣೆ. ಸೋಲದೇನೇ ಬಿಡ್ತೀನಿ."

"ಸತ್ತು ಬಿಡ್ತೀಯ."

"ನೀನು ಮಿಸ್ ಥರ ಮಾತಾಡ್ಬೇಡ."

ಅಬ್ಬಾಗೆ ಹೇಳಿದೆ. ಅವರು ಜಪದ ತಸ್ಬಿಯ ಮಣಿ ತಿರುಗಿಸುತ್ತಾ, "ಟವಲ್ ಹಾಕಿದ್ದಾನಲ್ಲ ಬೇಟಿ" ಎಂದರು, ಅಷ್ಟೆ. ನಮ್ಮ ಜನಕ್ಕೆ ಅದು ಕೋರ್ಟಿನ ಸ್ಟ್ಯಾಂಪಿಗಿಂತ ದೊಡ್ಡದು. ನನಗೆ ಕಾನ್ವೆಂಟ್ ಬೇರೆ ಕಲಿಸಿತ್ತು. ತಪ್ಪು ಕಂಡರೆ ಕೈ ಎತ್ತಿ ಎದ್ದು ನಿಂತು ಹೇಳಬೇಕು. ಮರುದಿನ ಬೆಳಗ್ಗೆ ಮಾರ್ಕೆಟ್ ಎದುರು ಹೋದೆ, ಈಗ ಟೀ ಕುಡಿದೆನಲ್ಲ, ಅದೇ ಜಾಗ. ಗಂಡಸರ ಗುಂಪು ಅತ್ತಿತ್ತ ಸರಿದು ದಾರಿ ಬಿಟ್ಟಿತು.

"ನಾರಾಯಣಪ್ಪನವರೇ, ನನ್ನ ತಮ್ಮನಿಗೆ ಎಂಟು ಗೊತ್ತಾಗಿಲ್ಲ. ಅವನಿಗೆ ಸಿಕ್ಕಿದ್ದು ಆರು. ಅವನ ಬಲಗೈ ಬೆರಳಿಗೆ ಸ್ಪರ್ಶ ಇಲ್ಲ. ಈ ಫೈಟು ನಿಲ್ಲಿಸಿ."

ನಾರಾಯಣಪ್ಪ ಎಲೆ ಅಡಿಕೆ ಒಂದು ಕೆನ್ನೆಯಿಂದ ಇನ್ನೊಂದಕ್ಕೆ ಹೊರಳಿಸಿದರು. "ಏನ್ ಟೀಚರಮ್ಮಾ! ಚಾಂಪಿಯನ್ ಕೈಗೇ ಸ್ಪರ್ಶ ಇಲ್ಲ ಅಂದ್ರೆ ನಮ್ ಕೈ ಎಲ್ಲಾ ಪರಂಗಿ ಕಡ್ಡೀನಾ?"

ಗುಂಪು ನಕ್ಕಿತು. ಯಾರೋ ಹಿಂದಿನಿಂದ, "ಅಕ್ಕನಿಗೆ ಭಯ ಕಣೋ, ತಮ್ಮನಿಗಿಲ್ಲ" ಎಂದರು. ಅಷ್ಟರಲ್ಲಿ ಇಲಿಯಾಸ್ ಬಂದ, ಸೈಕಲ್ ಗೋಡೆಗೆ ಒರಗಿಸಿದ. ನಾನು ಅಲ್ಲಿರುವುದನ್ನು ಯಾರೋ ಓಡಿಹೋಗಿ ಹೇಳಿರಬೇಕು. ಅವನು ನನ್ನ ಕಡೆ ನೋಡಲಿಲ್ಲ.

"ಅಣ್ಣಾ, ಹಾಕಿ ಟವಲ್" ಎಂದ.

ನಾರಾಯಣಪ್ಪ ಹೆಗಲ ಮೇಲಿನ ಟವಲ್ ತೆಗೆದು ಇಬ್ಬರ ಕೈ ಮುಚ್ಚಿದರು. ಅರ್ಧ ತೋಳಿನ ಬನಿಯನ್ ಹಾಕಿದ್ದ ಅವರ ತೋಳು ಬಿಗಿಯಿತು. ಇಲಿಯಾಸ್ ಟವಲಿನ ಕಡೆ ನೋಡಲೇ ಇಲ್ಲ, ಅವರ ಮೊಣಕೈ ಕಡೆ ನೋಡುತ್ತಿದ್ದ.

"ಏಳು" ಎಂದ.

"ಸರಿ. ಈಗ?"

"ಒಂಬತ್ತು."

"ಈಗ?"

"ಎಂಟು. ಅವತ್ತಿನದೇ."

ನಾರಾಯಣಪ್ಪ ಟವಲ್ ಕೊಡವಿ ಹೆಗಲಿಗೆ ಹಾಕಿಕೊಂಡರು. "ನೋಡಿದ್ರಾ ಟೀಚರಮ್ಮಾ? ಫುಲ್ ಮಾರ್ಕ್ಸು." ಜನ ಶಿಳ್ಳೆ ಹಾಕಿದರು. ನನ್ನ ಮಾತು ಅಲ್ಲಿಗೆ ಸತ್ತಿತು. ಮನೆಗೆ ಬರುವ ದಾರಿಯಲ್ಲಿ ಇಲಿಯಾಸ್ ಸೈಕಲ್ ತಳ್ಳಿಕೊಂಡು ನನ್ನ ಪಕ್ಕದಲ್ಲಿ ನಡೆಯುತ್ತಾ ಮೆಲ್ಲಗೆ ಹೇಳಿದ: "ಬೆರಳು ಒತ್ತುವಾಗ ಮೊಣಕೈ ಕೆಳಗೆ ನರ ಕುಣಿಯುತ್ತೆ ಆಪಾ. ಹೊಡೆಯೋಕೆ ಬರೋನ ತೋಳು ಓದೋದೇ ನನ್ನ ಕೆಲಸ. ಮಾತು ಮುಗಿಸಿದ ಅವತ್ತು ಮಳೆ ಇತ್ತು ನೋಡು, ನಾರಾಯಣಪ್ಪ ಸ್ವೆಟರ್ ಹಾಕಿದ್ದ."

ಮಾಸ್ಟರಿಗೂ ಹೇಳಿಬಂದೆ. ಅವರು ಅವನನ್ನು ಕೂರಿಸಿ, ಕಣ್ಣು ಮುಚ್ಚಿಸಿ ಬೆರಳಿಗೆ ಬೀಡಿ ತಾಗಿಸಿದರು. ಅವನು ಕದಲಲಿಲ್ಲ. ಮಾಸ್ಟರ್ ಬೀಡಿ ಎಸೆದು, "ಈ ಕೈಯಲ್ಲಿ ದೂರದಿಂದ ಹೊಡಿ, ಒಳಕ್ಕೆ ಹೋಗ್ಬೇಡ. ಎಡಗೈ ನಂಬು. ಮೈಗೆ ಮೈ ತಗುಲಿಸಿ ಬಲಗೈ ಹಾಕಿದ್ಯೋ, ನಿನ್ನ ಕಾಲು ನಾನೇ ಮುರೀತೀನಿ" ಎಂದರು. ಬಿಟ್ಟುಬಿಡು ಎಂದು ಅವರೂ ಹೇಳಲಿಲ್ಲ.

ಫೈಟಿನ ದಿನ ಚಿಕ್ಕಬಳ್ಳಾಪುರದಲ್ಲಿ ಮಧ್ಯಾಹ್ನದಿಂದಲೇ ಮೋಡ. ಬೆಟ್ಟಗಳ ತಲೆ ಕಾಣುತ್ತಿರಲಿಲ್ಲ. ಪೆರೇಸಂದ್ರ, ಮಂಡಿಕಲ್ ಕಡೆಯಿಂದ ಟ್ರ್ಯಾಕ್ಟರುಗಳಲ್ಲಿ ಜನ ಬಂದಿದ್ದರು. ಮೈದಾನದ ನಡುವೆ ಹಲಗೆ ಜೋಡಿಸಿ, ಮೇಲೆ ಟಾರ್ಪಾಲಿನ್ ಹಾಸಿ, ಸುತ್ತ ಹಗ್ಗ ಎಳೆದಿದ್ದರು. ರೆಫರಿ ಯಾವುದೋ ಸ್ಕೂಲಿನ ಪಿಟಿ ಮೇಷ್ಟ್ರು, ಬಿಳಿ ಪ್ಯಾಂಟು, ಕೊರಳಲ್ಲಿ ಸೀಟಿ. ಟೆಂಟಿನೊಳಗೆ ನಾನು ಕೈಗೆ ಬಟ್ಟೆ ಸುತ್ತಿದೆ. ಅಂದು ಅವನು ಟವಲ್ ಮುಚ್ಚಲಿಲ್ಲ.

ಮೊದಲ ಎರಡು ರೌಂಡು ನೋಡಿದವರು ಈಗಲೂ ಅವನ ಎಡಗೈಯ ಮಾತೇ ಆಡುತ್ತಾರೆ. ಇಲಿಯಾಸ್ ಸುತ್ತ ಸುತ್ತ ತಿರುಗಿ ಎಡಗೈಯಿಂದ ಜ್ಯಾಬ್ ಹಾಕುತ್ತಿದ್ದ, ನರಸಿಂಹುಲುವಿನ ಮುಖ ಪ್ರತಿ ಸಲ ಹಿಂದಕ್ಕೆ ಜಗ್ಗುತ್ತಿತ್ತು. ಮೂರನೆಯದರಲ್ಲಿ ಮೂಗು ಮುರಿಯಿತು. ರಕ್ತ ಮುಂದಿನ ಸಾಲಿನ ಬಿಳಿ ಶರ್ಟುಗಳ ಮೇಲೆ ಹಾರಿತು, ಹಾರಿಸಿಕೊಂಡವರು ಎದ್ದು ನಿಂತು ಅದನ್ನು ತೋರಿಸಿಕೊಂಡು ಕುಣಿದರು. ನರಸಿಂಹುಲು ಗ್ಲೌಸಿನಿಂದಲೇ ಮೂಗು ಒರೆಸಿಕೊಂಡು ಮತ್ತೆ ಬಂದ. ಕಲ್ಲು ಒಡೆಯುವವನ ತಾಳ್ಮೆ ಅದು, ಒಂದೇ ಜಾಗಕ್ಕೆ ಹೊಡೆಯುತ್ತಿದ್ದರೆ ಎಂದಾದರೂ ಬಿರುಕು ಬಿಟ್ಟೀತು ಎನ್ನುವಂಥದು. ನಾಲ್ಕನೆಯದರಲ್ಲಿ ಇಲಿಯಾಸನ ಬೊಂಬಾಯಿಯ ಹುಬ್ಬು ಮತ್ತೆ ಹರಿಯಿತು. ಐದನೆಯದರಲ್ಲಿ ಇವನು ಅವನನ್ನು ಬೀಳಿಸಿದ, ಅವನು ಹಗ್ಗ ಹಿಡಿದು ಎದ್ದ. ಬಿದ್ದ ಕಡೆ ಟಾರ್ಪಾಲಿನ್ ಮೇಲೆ ಅವನ ಕೆನ್ನೆಯ ಗುರುತು ಕೆಂಪಗೆ ಅಚ್ಚೊತ್ತಿತ್ತು.

ಆರನೆಯ ರೌಂಡು ಮುಗಿದ ಬೆಲ್ ಆದಾಗ ಇಲಿಯಾಸನ ಮೈ ಮನೆಗೆ ಹೊರಟಿತ್ತು. ಸ್ಟೂಲಿನ ಮೇಲೆ ಕುಸಿದು ಕೂತ. ಎಡಗಣ್ಣು ಮುಚ್ಚಿತ್ತು, ಬಲಗಣ್ಣು ಮುಚ್ಚುತ್ತಿತ್ತು. ಮಾಸ್ಟರ್ ಬಾಯಿಗೆ ನೀರು ಸುರಿದರು, ಉಗುಳಿದ್ದು ಕೆಂಪಗಿತ್ತು.

"ಟವಲ್ ಎಸೀರಿ ಮಾಸ್ಟರ್. ಪ್ಲೀಸ್" ಎಂದೆ. ರಿಂಗಿನೊಳಗೆ ಟವಲ್ ಎಸೆದರೆ ಸೋಲು ಒಪ್ಪಿದಂತೆ.

ಮಾಸ್ಟರ್ ಕೈ ಹೆಗಲ ಮೇಲಿನ ಟವಲಿಗೆ ಹೋಯಿತು. ಇಲಿಯಾಸ್ ಕಣ್ಣು ಸರಿಯಾಗಿ ಕಾಣದಿದ್ದರೂ ಆ ಕೈಯನ್ನು ಗ್ಲೌಸಿನಲ್ಲೇ ತಡಕಿ ಒತ್ತಿಹಿಡಿದ. "ಎಸೆದ್ರೆ ಮನೆಗೆ ಬರಲ್ಲ. ಇಲ್ಲೇ ಕಂದವಾರದ ಕೆರೇಲಿ ಬೀಳ್ತೀನಿ" ಎಂದ.

ಏಳನೆಯದು ನರಸಿಂಹುಲುವಿನದು. ಆನೆ ಎದ್ದಿತ್ತು. ಪಕ್ಕೆಗೆ ಬಿದ್ದ ಒಂದೊಂದು ಏಟಿಗೂ ನನ್ನ ತಮ್ಮನ ಬಾಯಿಂದ ನಾಯಿಮರಿಯ ದನಿಯಂಥದ್ದು ಹೊರಡುತ್ತಿತ್ತು. ಒಮ್ಮೆ ಮಂಡಿಯೂರಿ ಬಿದ್ದ. ರೆಫರಿ ಎಣಿಸುತ್ತಿದ್ದರು, ಜನ ತಾವೂ ಎಣಿಸುತ್ತಿದ್ದರು. ನಾನು ಮಾತ್ರ, ಅಲ್ಲಾಹ್, ಅವನು ಏಳದಿರಲಿ ಎಂದು ಬೇಡಿಕೊಳ್ಳುತ್ತಿದ್ದೆ. ಎದ್ದ.

ಎಂಟನೆಯದಕ್ಕೆ ಹೋಗುವಾಗ ಅವನ ಎರಡು ಕಣ್ಣೂ ಮುಚ್ಚಿದ್ದವು. ಅದು ರೆಫರಿಗೆ ಗೊತ್ತಾಗದಂತೆ ತಲೆ ತಗ್ಗಿಸಿಕೊಂಡು ಹೋದ. ಕುರುಡ ಗೋಡೆ ತಡಕುವ ಹಾಗೆ ಎಡಗೈ ಚಾಚಿ ನರಸಿಂಹುಲುವಿನ ಎದೆ ಹುಡುಕಿದ, ಸಿಕ್ಕಿತು. ತನ್ನ ಹಣೆಯನ್ನು ಅವನ ಹೆಗಲಿಗೆ ಒತ್ತಿ, ಮೈಗೆ ಮೈ ಅಂಟಿಸಿ ಹಗ್ಗಕ್ಕೆ ತಳ್ಳಿ, ಬಲಗೈ ಬಿಟ್ಟ. ಮಾಸ್ಟರ್ ಬೇಡವೆಂದದ್ದೇ ಅದು. ಕೆಳಗಿನಿಂದ ದವಡೆಗೆ ಒಂದು. ಮತ್ತೆ ಒಂದು.

ಎರಡನೆಯದಕ್ಕೇ ನರಸಿಂಹುಲು ಮುಗಿದಿದ್ದ. ಈಗ ಅದು ನನಗೆ ಗೊತ್ತು. ಆದರೆ ಅವನ ಎಡತೋಳು ಮೇಲಿನ ಎರಡು ಹಗ್ಗಗಳ ನಡುವೆ ತಿರುಚಿ ಸಿಕ್ಕಿಕೊಂಡಿತ್ತು, ಅದು ಅವನನ್ನು ಬೀಳಲು ಬಿಡಲಿಲ್ಲ. ಹಿಂದಿನಿಂದ ರೆಫರಿಗೆ ಕಂಡಿದ್ದು ನಿಂತ ಮನುಷ್ಯ. ಇಲಿಯಾಸನ ಕಣ್ಣಿಗೆ ಏನೂ ಕಾಣುತ್ತಿರಲಿಲ್ಲ. ಉಳಿದದ್ದು ಕೈ. ಎದುರಿನ ಮುಖ ಗಟ್ಟಿಯಿದೆಯೋ, ಸಡಿಲಾಗಿದೆಯೋ ಎಂದು ಅವನಿಗೆ ಹೇಳಬೇಕಾಗಿದ್ದ ಬೆರಳುಗಳು ನಾನೇ ಸುತ್ತಿದ ಬಟ್ಟೆಯೊಳಗೆ ಸತ್ತು ಮಲಗಿದ್ದವು. ಅವನು ಹೊಡೆಯುತ್ತಲೇ ಇದ್ದ. ನರಸಿಂಹುಲುವಿನ ತಲೆ ಅತ್ತ ಇತ್ತ ತೂಗಿ ಬೀಳುತ್ತಿತ್ತು, ಬಾಯಿಂದ ಒಂದು ದಾರ ರಕ್ತ ಇಲಿಯಾಸನ ಬೆನ್ನ ಮೇಲೆ ಇಳಿಯುತ್ತಿತ್ತು. ಜನ ಕುಣಿಯುತ್ತಿದ್ದರು. "ನಿಲ್ಸೋ! ಇಲಿಯಾಸ್! ಸ್ಟಾಪ್ ಇಟ್!" ಎಂದು ನಾನು ಚೀರಿದ್ದು ನನಗೇ ಕೇಳಿಸಲಿಲ್ಲ. ಮಾಸ್ಟರ್ ಹಗ್ಗ ಹಾರಿ ಒಳಗೆ ಹೋಗಿ ಇವನ ಸೊಂಟ ಹಿಡಿದು ಹಿಂದಕ್ಕೆ ಎಳೆದಾಗ ಇಲಿಯಾಸ್ ಗಾಳಿಗೆ ಇನ್ನೂ ಎರಡು ಏಟು ಹಾಕಿದ. ತೋಳು ಬಿಡಿಸಿದ ಮೇಲೆ ನರಸಿಂಹುಲು ಮುಖ ಅಡಿಯಾಗಿ ಬಿದ್ದ. ಆಗ ಮಳೆ ಶುರುವಾಯಿತು, ದಪ್ಪ ದಪ್ಪ ಹನಿ. ರೆಫರಿ ನನ್ನ ತಮ್ಮನ ಕೈ ಎತ್ತಿದರು.

"ಬಿದ್ನಾ?" ಎಂದು ಇಲಿಯಾಸ್ ಕೇಳಿದ. "ಆಪಾ, ಅವನು ಬಿದ್ನಾ?"

ಆಂಬುಲೆನ್ಸ್ ಇರಲಿಲ್ಲ. ನಾರಾಯಣಪ್ಪ ಗೂಡು ಸಾಗಿಸುವ ತಮ್ಮ ವ್ಯಾನಿನಲ್ಲಿ ಗೋಣಿ ಹಾಸಿ ನರಸಿಂಹುಲುವನ್ನು ಬೆಂಗಳೂರಿಗೆ ಕಳಿಸಿದರು. ಅಂದು ಆ ಮನುಷ್ಯ ಅಳುತ್ತಿದ್ದರು, ಎಲೆ ಅಡಿಕೆ ಉಗುಳಲೂ ಮರೆತು. ಆಸ್ಪತ್ರೆಯಲ್ಲಿ ನರಸಿಂಹುಲು ಕಣ್ಣು ಬಿಡಲಿಲ್ಲ. ಆ ವಾರ ಕಳೆಯುವುದರೊಳಗೆ ತೀರಿಕೊಂಡ. ಪೊಲೀಸರು ಬಂದು ಎಲ್ಲರನ್ನೂ ವಿಚಾರಿಸಿದರು. ಆಟದಲ್ಲಿ ಆದದ್ದು ಎಂದರು.

ಸಾವಿನ ಸುದ್ದಿ ಬಂದ ದಿನ ಇಲಿಯಾಸ್, "ನಾನು ಹೋಗ್ಬೇಕು" ಎಂದ. ಅವನ ಬಲಗಣ್ಣು ಒಂದು ಗೆರೆಯಷ್ಟು ತೆರೆದಿತ್ತು. ನಾನು ಅವನ ತೋಳು ಹಿಡಿದು ಬಸ್ಸು ಹತ್ತಿಸಿದೆ. ಮಾಸ್ಟರ್ ಚಿಂತಾಮಣಿಯಿಂದ ನೇರ ಬಂದಿದ್ದರು. ಆಸ್ಪತ್ರೆಯ ಹಿಂದಿನ ವರಾಂಡದಲ್ಲಿ ನರಸಿಂಹುಲುವಿನ ಕಡೆಯವರು ಕೂತಿದ್ದರು. ಯಾರೋ ಬೆರಳು ತೋರಿಸಿ ಏನೋ ಹೇಳಿದರು. ಗಂಡಸರು ಎದ್ದರು, ಒಬ್ಬ ಚಪ್ಪಲಿ ಕೈಗೆ ತೆಗೆದುಕೊಂಡ. ಆಗ ಒಬ್ಬ ಮುದುಕಿ, ಒಣಗಿದ ಕಡ್ಡಿಯಂಥವಳು, ಅವರನ್ನೆಲ್ಲ ಸರಿಸಿ ಮುಂದೆ ಬಂದಳು. ಅವನ ತಾಯಿ. ಇಲಿಯಾಸನ ಮುಖವನ್ನು, ಮುಚ್ಚಿದ ಕಣ್ಣನ್ನು, ಹುಬ್ಬಿನ ಹೊಲಿಗೆಯನ್ನು ನೋಡಿದಳು. ಇಂಥ ಮುಖ ಅವಳ ಮನೆಯಲ್ಲೂ ಇತ್ತಲ್ಲ.

"ಏ ಚೆಯ್ಯಿ, ನಾಯನಾ?" ಎಂದಳು. ಯಾವ ಕೈಯಪ್ಪಾ?

ಇಲಿಯಾಸ್ ಬಲಗೈ ಚಾಚಿದ.

ಅವಳು ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಸೆರಗಿನೊಳಗೆ ಎಳೆದುಕೊಂಡಳು. ನಮ್ಮ ಕಡೆ ವ್ಯಾಪಾರಕ್ಕೆ ಹಿಡಿಯುತ್ತಾರಲ್ಲ, ಹಾಗೇ. ಏನೂ ಬೈಯಲಿಲ್ಲ, ಶಾಪ ಹಾಕಲಿಲ್ಲ. ಅವಳ ಮೊಣಕೈ ಕೆಳಗಿನ ನರಗಳು ಎದ್ದು ನಿಂತವು, ಕತ್ತಿನ ನರ ಎದ್ದಿತು, ಹಲ್ಲು ಕಚ್ಚಿದಳು. ಸೆರಗಿನ ಮೇಲೆ ಒಂದು ಕೆಂಪು ಚುಕ್ಕೆ ಮೂಡಿ ಅಗಲವಾಗುತ್ತಾ ಹೋಯಿತು. ಉಗುರು ಅವನ ಬೆರಳುಗಳ ಮಾಂಸದೊಳಗೆ ಇಳಿಯುತ್ತಿತ್ತು. ಇಲಿಯಾಸ್ ಕೈ ಎಳೆದುಕೊಳ್ಳಲಿಲ್ಲ. ಮುಖವೂ ಕದಲಲಿಲ್ಲ. ತಲೆ ತಗ್ಗಿಸಿ ನಿಂತೇ ಇದ್ದ. ಅವಳ ತೋಳು ಸೋಲುವವರೆಗೂ.

ಚಪ್ಪಲಿ ತೆಗೆದವನು ಅದನ್ನು ಕೆಳಗೆ ಹಾಕಿದ. "ದೊಡ್ಡ ಗುಣ" ಎಂದು ಯಾರೋ ಪಿಸುಗುಟ್ಟಿದರು. ಮಾಸ್ಟರ್ ಗೋಡೆಗೆ ಮುಖ ಮಾಡಿಕೊಂಡು ಅಳುತ್ತಾ, "ಆ ತಾಯಿಗೆ ತನ್ನ ಕೈಯನ್ನೇ ಒಪ್ಪಿಸಿಬಿಟ್ಟ ನೋಡಮ್ಮಾ, ಒಂದು ಮಾತಿಲ್ಲದೆ ಒಪ್ಪಿಸಿದ" ಎಂದರು. ಆ ಕಥೆ ಶಿಡ್ಲಘಟ್ಟಕ್ಕೆ ನಮಗಿಂತ ಮೊದಲೇ ತಲುಪಿತು. ಸೋಲಲಿಲ್ಲ ಎನ್ನುವವರು ಇವತ್ತಿಗೂ ಅದನ್ನು ಸೇರಿಸಿಯೇ ಹೇಳುತ್ತಾರೆ.

ಊರಿಗೆ ಮರಳುವ ಬಸ್ಸಿನಲ್ಲಿ ಕಿಟಕಿಯ ಪಕ್ಕ ಅವನನ್ನು ಕೂರಿಸಿದೆ. ಬೆಂಗಳೂರು ದಾಟುವಾಗ ಕಂಡಕ್ಟರ್ ಟಿಕೆಟ್ ಕೊಡಲು ಬಂದ. ಇಲಿಯಾಸ್ ಬಲಗೈ ಚಾಚಿದವನು ಅದನ್ನು ಬೆಳಕಿಗೆ ತಂದು, ಒಂದೇ ಗೆರೆ ಕಣ್ಣಿನಿಂದ ಬಹಳ ಹೊತ್ತು ನೋಡಿದ. ನಡುಬೆರಳು, ಉಂಗುರದ ಬೆರಳಿನ ಮೇಲೆ ಅರ್ಧಚಂದ್ರದಂಥ ಗುರುತುಗಳು, ರಕ್ತ ಅಂಗಿಯ ತೋಳಿಗೆ ಇಳಿದಿತ್ತು.

"ಇದು ಯಾವಾಗ ಆಯ್ತು ಆಪಾ?"

ಹೇಳಿದೆ.

"ಸುಮ್ನೆ ಹಿಡ್ಕೊಂಡಿದ್ದಾಳೆ ಅಂದ್ಕೊಂಡೆ" ಎಂದ. ಆಮೇಲೆ ಕೇಳಿದ, "ಎಷ್ಟು ಜೋರಾಗಿ ಒತ್ತಿದ್ಲು?"

ಅವನ ಎಡಗೈ ತೆಗೆದುಕೊಂಡೆ, ಅದಕ್ಕಿನ್ನೂ ಜೀವವಿತ್ತು. ಸೆರಗು ಮುಚ್ಚಿ ನನ್ನ ಉಗುರು ಅವನ ಬೆರಳಿಗೆ ಊರಿದೆ. ಅವನ ಮೈ ಬೆಚ್ಚಿತು, ಕೈ ಮಾತ್ರ ಕೊಟ್ಟೇ ಇದ್ದ.

"ಇಷ್ಟಾ?"

"ಇಲ್ಲ" ಎಂದೆ.

"ಹಾಗಾದ್ರೆ ಸರಿಯಾಗಿ ತೋರ್ಸು" ಎಂದ.